ಶನಿವಾರದ ಕೋಳಿ

ಹೋದ ಶನಿವಾರ ಮುಳಬಾಗಿಲಿನಿಂದ ಬೈರಕೂರಿನ ಕಡೆಗೆ ಹೊರಟ ಬಸ್ಸಿನಲ್ಲಿ ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದೆ. ಬ್ಯಾಗಿನೊಳಗಿಂದ ಒಂದು ನಾಟಿ ಕೋಳಿ ಕತ್ತು ಹೊರಗೆ ಹಾಕಿ ಬಸ್ಸಿನಲ್ಲಿದ್ದವರನ್ನೆಲ್ಲ ನೋಡುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು ಒಂದು ಸಲ ಕೋಳಿಯನ್ನೂ ಒಂದು ಸಲ ನನ್ನನ್ನೂ ನೋಡಿ, “ಏನ್ ಸಿಸ್ಟ್ರಮ್ಮ, ಮನೆಗೆ ನೆಂಟ್ರಾ?” ಅಂದಳು.

“ನೆಂಟ್ರಲ್ಲಮ್ಮ. ನಮ್ಮೂರಲ್ಲಿ ಸಾವು. ಇವತ್ತು ಶನಿವಾರ ಅಲ್ವಾ?”

ಅವಳಿಗೆ ಅಷ್ಟು ಸಾಕಾಯಿತು. “ಓ, ಹಂಗಾ,” ಅಂತ ಸೆರಗನ್ನು ಎಳೆದುಕೊಂಡು ಕೋಳಿಯಿಂದ ಸ್ವಲ್ಪ ಆಚೆ ಸರಿದು ಕೂತಳು.

ಬೇರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಶನಿವಾರ ತೀರಿಕೊಂಡವರು ಒಬ್ಬರೇ ಹೋಗುವುದಿಲ್ಲ, ಊರಿನಲ್ಲಿ ಇನ್ನೊಬ್ಬರನ್ನು ಜೊತೆಗೆ ಕರೆಯುತ್ತಾರೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಚಟ್ಟದ ಒಂದು ಮೂಲೆಗೆ ಜೀವಂತ ಕೋಳಿ ಕಟ್ಟುತ್ತಾರೆ. ಜೊತೆ ಬೇಕಾದರೆ ಇದನ್ನು ಕರೆದುಕೊಂಡು ಹೋಗಪ್ಪ, ನಮ್ಮನ್ನು ಬಿಡು ಅಂತ. ಬರೆ ಹಾಕಬೇಡಿ, ಯಂತ್ರ ಕಟ್ಟಬೇಡಿ, ಮೂಢನಂಬಿಕೆ ಬಿಡಿ ಅಂತ ವರ್ಷಗಟ್ಟಲೆ ಊರೂರು ತಿರುಗಿ ಗಂಟಲು ಹರಿದುಕೊಂಡ ಸರ್ಕಾರಿ ನರ್ಸಮ್ಮ ನಾನು. ಅಂಥವಳು ಅವತ್ತು ಚೌಕಾಸಿ ಕೂಡ ಮಾಡದೆ ಆ ಕೋಳಿ ಕೊಂಡು ತರುತ್ತಿದ್ದೆ. ನಮ್ಮ ಇಲಾಖೆಯವರು ಯಾರಾದರೂ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಊರು ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ಬಸ್ಸು ಒಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿತು. ಟ್ರೈಲರಿನ ತುಂಬ ಆಗಷ್ಟೇ ಕಡಿದ ನೀಲಗಿರಿ, ಎಲೆ ಸಮೇತ. ಕಿಟಕಿಯಿಂದ ಆ ವಾಸನೆ ನುಗ್ಗಿತು. ಮುಂದಿನ ಸೀಟಿನ ತಾತ ಆಹಾ ಅಂತ ಮೂಗು ಅರಳಿಸಿದ. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ನನಗೆ ಆ ವಾಸನೆ ಅಂದರೆ ಹೋದ ವರ್ಷದ ಹಿಂದಿನ ಧನುರ್ಮಾಸ. ಆ ತಿಂಗಳು ನಮ್ಮ ಬೀದಿಯ ಮನೆಮನೆಯಲ್ಲೂ ನೀಲಗಿರಿ ಎಲೆ ಹಾಕಿ ನೀರು ಕುದಿಸುತ್ತಿದ್ದರು. ಆ ತಿಂಗಳಲ್ಲೇ ನಮ್ಮತ್ತೆ ಚೌಡಮ್ಮ ಹೋಗಿಬಿಟ್ಟರು.

ನಾನು ಹುಟ್ಟಿದ್ದು ಶ್ರೀನಿವಾಸಪುರದ ಕಡೆ. ಈ ಊರಿಗೆ ಸೊಸೆಯಾಗಿ ಬಂದೆ, ಆಮೇಲೆ ಕೆಲಸವೂ ಇಲ್ಲಿನ ಉಪಕೇಂದ್ರಕ್ಕೇ ಸಿಕ್ಕಿತು. ಹೊಸದರಲ್ಲಿ ಚಳಿಗಾಲ ಬಂತು ಅಂದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಹಸುಗೂಸುಗಳಿಗೆ ಮೊದಲು ನೆಗಡಿ, ಆಮೇಲೆ ಕೆಮ್ಮು, ಆಮೇಲೆ ಪಕ್ಕೆ ಹಾರುವುದು. ಮಗು ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದಲ್ಲ, ಅದು. ಪುಸ್ತಕದಲ್ಲಿ ಅದಕ್ಕೆ ನ್ಯುಮೋನಿಯ ಅಂತ ಹೆಸರು. ಊರಿನಲ್ಲಿ ಅದಕ್ಕೆ ಗೊತ್ತಿದ್ದ ಮದ್ದು ಬರೆ. ಬಳೆಯ ಚೂರನ್ನು ಕೆಂಪಗೆ ಕಾಯಿಸಿ ಮಗುವಿನ ಹೊಟ್ಟೆಯ ಮೇಲೆ ಇಡುವುದು. ನಮ್ಮ ಮನೆಯವರ ಹೊಟ್ಟೆಯ ಮೇಲೂ ಆ ಗುರುತು ಇದೆ. ಅವರು ಹೇಗೋ ಉಳಿದುಕೊಂಡರು. ಅವರ ಬೆನ್ನಿಗೆ ಹುಟ್ಟಿದ ತಮ್ಮ, ಅವನಾದ ಮೇಲೆ ಒಬ್ಬ ತಂಗಿ, ಇಬ್ಬರೂ ಬರೆ ಹಾಕಿಸಿಕೊಂಡು ಒಂದೊಂದು ಚಳಿಗಾಲಕ್ಕೆ ಒಬ್ಬೊಬ್ಬರಂತೆ ಹೋದರು.

ನಾನು ಕೆಲಸಕ್ಕೆ ಸೇರಿದ ಮೊದಲನೇ ಚಳಿಗಾಲ ಕೆಳಗಿನ ಬೀದಿಯ ಒಂದು ಮಗುವಿಗೆ ಪಕ್ಕೆ ಹಾರುತ್ತಿತ್ತು. ಒಲೆಯಲ್ಲಿ ಬಳೆಚೂರು ಕಾಯುತ್ತಿತ್ತು. ನಾನು ಬೇಡ ಬೇಡ ಅಂತ ಎಷ್ಟು ಬಡಿದುಕೊಂಡರೂ ಮಗುವಿನ ಅಜ್ಜಿ ನನ್ನನ್ನು ಒಳಗೇ ಬಿಡಲಿಲ್ಲ. ಮಕ್ಕಳು ಹೆರದ ನಿನಗೇನು ಗೊತ್ತು ಅಂದುಬಿಟ್ಟಳು. ಆಗ ಅತ್ತೆ ಬಂದರು. ಬಂದವರೇ ಒಲೆಗೆ ಒಂದು ಚೆಂಬು ನೀರು ಸುರಿದರು.

“ನನ್ ಕಿರೀ ಮಕ್ಳಿಬ್ರಿಗೂ ಹಾಕ್ಸಿದ್ದೆ ಕಣೇ ಬರೆ. ಎಲ್ಲವ್ರೆ ಅವ್ರು? ತೋರ್ಸು!” ಅಂತ ಆ ಅಜ್ಜಿಯ ಮೇಲೆ ಎಗರಿದರು. “ನನ್ ಸೊಸೆ ಹೇಳ್ದಂಗೆ ಕೇಳು. ಸುಮ್ನೆ ಮುಳಬಾಗ್ಲು ಆಸ್ಪತ್ರೆಗೆ ಎತ್ಕೊಂಡ್ ನಡಿ.”

ಆ ಮಗು ಬದುಕಿತು. ಈಗ ಅವನೇ ಟೊಮೆಟೊ ಗಾಡಿ ಓಡಿಸುತ್ತಾನೆ, ನನ್ನನ್ನು ಕಂಡರೆ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾನೆ. ಅವತ್ತಿನಿಂದ ಊರು ನನ್ನ ಮಾತು ಕೇಳಲು ಶುರು ಮಾಡಿತು. ಕೇಳಿದ್ದು ನನ್ನ ಮಾತನ್ನಲ್ಲ, ಅತ್ತೆಯ ಮಾತನ್ನು. ಆಮೇಲಾಮೇಲೆ ಹೊಸ ಹೊಸ ಲಸಿಕೆ ಬಂದವು, ಹೊಗೆ ತುಂಬಿದ ಅಡುಗೆಮನೆಗಳಿಗೆ ಗ್ಯಾಸು ಬಂತು, ಕರೆದರೆ ಬರುವ ಆಂಬುಲೆನ್ಸ್ ಬಂತು. ಯಾವ ವರ್ಷದಿಂದ ಅಂತ ಹೇಳಲಾರೆ, ಒಂದು ಚಳಿಗಾಲ ಮುಗಿದ ಮೇಲೆ ನೋಡಿದರೆ ನಮ್ಮ ಊರಿನಲ್ಲಿ ಒಂದು ಕೂಸೂ ಹೋಗಿರಲಿಲ್ಲ. ಮುಂದಿನ ಚಳಿಗಾಲವೂ ಇಲ್ಲ. ಈಗಿನ ತಾಯಂದಿರಿಗೆ ಪಕ್ಕೆ ಹಾರುವುದು ಅಂದರೆ ಏನು ಅಂತಲೇ ಗೊತ್ತಿಲ್ಲ. ಇದೊಂದು ವಿಷಯದಲ್ಲಿ ನನಗೆ ಬಹಳ ಜಂಬವಿತ್ತು. ಯಾಕೆ ಸುಳ್ಳು ಹೇಳಲಿ, ಇತ್ತು.

ಆ ಧನುರ್ಮಾಸದ ಶುರುವಿನಲ್ಲಿ ಕೋಲಾರದಲ್ಲಿ ಒಂದು ಸಭೆ ಕರೆದಿದ್ದರು. ಮಾಲೂರು, ಶ್ರೀನಿವಾಸಪುರ, ಎಲ್ಲ ಕಡೆಯಿಂದ ನಮ್ಮಂಥವರು ಬಂದಿದ್ದರು. ಹೊರಗೆ ಮಂಜು, ಒಳಗೆ ಕಿಟಕಿ ಬಾಗಿಲು ಎಲ್ಲ ಮುಚ್ಚಿದ ಹಾಲು. ಎಲ್ಲಿ ನೋಡಿದರೂ ಕೆಮ್ಮು, ಸೀನು. ಗೋಡೆಯ ಮೇಲೆ ಒಂದು ಗೆರೆ ತೋರಿಸಿದರು. ಎಷ್ಟೋ ವರ್ಷಗಳ ಹಿಂದೆ ಮೇಲೆಲ್ಲೋ ಶುರುವಾಗಿದ್ದು ಇಳಿದು ಇಳಿದು ಈಗ ಹೆಚ್ಚುಕಡಿಮೆ ತಳಕ್ಕೆ ಬಂದಿತ್ತು. ನ್ಯುಮೋನಿಯದಿಂದ ಸಾಯುವ ಮಕ್ಕಳ ಗೆರೆ ಅದು. ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮಲ್ಲಿ ಕೆಲವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನನಗೂ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ.

ಆಮೇಲೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಎದ್ದು ಇನ್ನೊಂದು ಗೆರೆ ತೋರಿಸಿದರು. ಇದು ವಯಸ್ಸಾದವರದು. ಇದು ಇಳಿಯುತ್ತಿರಲಿಲ್ಲ, ಚಳಿಗಾಲ ಬಂದಾಗಲೆಲ್ಲ ಎದ್ದು ನಿಲ್ಲುತ್ತಿತ್ತು. ಇದೂ ಪೂರ್ತಿ ಲೆಕ್ಕವಲ್ಲ, ಮುದುಕರು ಸತ್ತರೆ ಊರಿನಲ್ಲಿ ಕಾರಣ ಕೇಳುವವರಿಲ್ಲ, ವಯಸ್ಸಾಗಿತ್ತು ಅಂತ ಬರೆಸಿ ಮುಗಿಸುತ್ತಾರೆ ಅಂದರು. ಫ್ಲೂ ಅನ್ನುವುದನ್ನು ಬರೀ ನೆಗಡಿ ಅಂತ ಬಿಡಬೇಡಿ, ವಯಸ್ಸಾದವರಿಗೆ ಅದರ ಹಿಂದೆಯೇ ನ್ಯುಮೋನಿಯ ಬರುತ್ತೆ, ಅವರಿಗೆ ಜ್ವರ ಕೆಮ್ಮು ಕಾಣಿಸದೇ ಇರಬಹುದು, ಮಂಕಾಗುತ್ತಾರೆ, ಊಟ ಬಿಡುತ್ತಾರೆ, ಕೆಲಸದಲ್ಲಿ ಹೆಚ್ಚುಕಡಿಮೆ ಮಾಡುತ್ತಾರೆ, ಅದೇ ಗುರುತು ಅಂದರು. ಅಷ್ಟು ಹೊತ್ತಿಗೆ ಊಟದ ಕಡೆಯಿಂದ ಹಿತಕವರೆ ಸಾರಿನ ಘಮ ಬರುತ್ತಿತ್ತು. ನಾವೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದೆವು. ಡಾಕ್ಟರು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಬಿದ್ದಿತ್ತು ಅನ್ನುವುದು ನನಗೆ ನೆನಪಾದದ್ದು ಆಮೇಲೆ.

ಕೋಲಾರದಿಂದ ಬರುವಾಗ ಶಾಲಿನ ಜೊತೆಗೆ ನೆಗಡಿಯನ್ನೂ ತಂದೆ. ಮೈಕೈ ನೋವು, ಗಂಟಲು ಕಿರಿಕಿರಿ. ರಜ ಹಾಕುವ ಯೋಚನೆಯೇ ಬರಲಿಲ್ಲ. ಒಂದು ಮಾತ್ರೆ ನುಂಗಿ ಮನೆಮನೆ ತಿರುಗಿದೆ. ನಮ್ಮ ಎದುರು ಮನೆಯ ಮುನಿಶಾಮಪ್ಪನವರಿಗೆ ಬಿಪಿ ನೋಡಬೇಕಿತ್ತು. ಅವರಿಗೆ ಕಿವಿ ಮಂದ. ಹತ್ತಿರ ಕೂತು, ಕಿವಿಯ ಹತ್ತಿರ ಬಾಯಿಟ್ಟು ಮಾತಾಡಿದೆ, ನಡುನಡುವೆ ಸೆರಗಿನಲ್ಲಿ ಕೆಮ್ಮಿದೆ. “ಏನ್ ಸಿಸ್ಟ್ರಮ್ಮ, ನಿಂಗೇ ಹುಷಾರಿಲ್ವಲ್ಲ, ನಂಗೇನ್ ನೋಡ್ತೀಯ?” ಅಂತ ನಕ್ಕರು. ಮುಂದಿನ ವಾರ ಅವರಿಗೆ ನೆಗಡಿ. ನೀಲಗಿರಿ ಎಲೆ ಕುದಿಸಿ ಹಬೆ ತಗೊಳ್ಳಿ ಅಂದೆ. ಅವರ ಹೆಂಡತಿ ಯಲ್ಲಮ್ಮ ತೋಪಿನಿಂದ ಹೊರೆ ಎಲೆ ತಂದು ಬೀದಿಗೆಲ್ಲ ಹಂಚಿದರು. ಅದರ ಮುಂದಿನ ಶನಿವಾರ ಬೆಳಿಗ್ಗೆ ಮುನಿಶಾಮಪ್ಪನವರು ಏಳಲೇ ಇಲ್ಲ. ಎಲ್ಲರೂ ವಯಸ್ಸಾಗಿತ್ತು ಅಂದರು. ನಾನೂ ಹಾಗೇ ಅಂದೆ.

ಅವತ್ತು ಬೀದಿಯ ಹಿರಿಯರಾದ ನಾರಾಯಣಪ್ಪನವರು ಒಂದು ಕೋಳಿಯನ್ನು ಕಾಲು ಹಿಡಿದು ನೇತಾಡಿಸಿಕೊಂಡು ಬಂದರು. ಅವರ ಮಗ ಮಂಜುನಾಥ ಶ್ರೀನಿವಾಸಪುರದಲ್ಲಿ ಮೇಷ್ಟ್ರು, ಅವನೂ ಬಂದಿದ್ದ. ಚಟ್ಟ ಕಟ್ಟುತ್ತಿದ್ದರು. ನನಗೆ ಶಾಲಿನ ಬಿಸಿ ಇನ್ನೂ ಇಳಿದಿರಲಿಲ್ಲ.

“ಏನ್ ಮಾವ ಇದು? ಇನ್ನೂ ಇದನ್ನ ಬಿಟ್ಟಿಲ್ವಾ ನೀವು? ಆ ಮೂಗ ಪ್ರಾಣಿ ಏನ್ ಮಾಡಿತ್ತು?” ಅಂದೆ.

“ಶನಿವಾರ ಕಣಮ್ಮ. ಸುಮ್ನೆ ಯಾಕೆ?”

“ಶನಿವಾರ ಸತ್ರೆ ಜೊತೆಗೆ ಕರೀತಾರೆ ಅಂದ್ರೆ ನಮ್ ಆಸ್ಪತ್ರೆಗಳಿಗೆ ವಾರವಾರ ಕೋಳಿ ಸಪ್ಲೈ ಮಾಡ್ಬೇಕಾಗುತ್ತೆ ಮಾವ!”

ಹುಡುಗರೆಲ್ಲ ಕಿಸಕ್ಕನೆ ನಕ್ಕರು. ಮಂಜುನಾಥನೂ ನಕ್ಕ. ನಾರಾಯಣಪ್ಪನವರು ಕೆಳಗೆ ಕುಕ್ಕರಿಸಿದರು. ಕೋಳಿಯ ಕಾಲಿನ ದಾರ ಬಿಚ್ಚಿ ಅಲ್ಲೇ ಬಿಟ್ಟರು. ಅದು ಕೊಕ್ಕೊಕ್ಕೋ ಅಂತ ತಿಪ್ಪೆಯ ಕಡೆಗೆ ಓಡಿತು. ನಾನು ಗೆದ್ದೆ ಅಂದುಕೊಂಡೆ.

ಗೆದ್ದ ಮೇಲೆ ಮಾಡಿದ್ದೇನು ಅಂದರೆ, ಮನೆಗೆ ಹೋಗಿ ಅತ್ತೆಯನ್ನು ಹೊರಡಿಸಿದೆ. ಅವರು ಬಚ್ಚಲ ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದರು.

“ನಂಗೆ ಯಾಕೋ ಚಳಿ ಪಾಪ. ಬಾಗ್ಲಿಂದಾನೇ ಕೈ ಮುಗಿದ್ಬಿಡ್ತೀನಿ. ನೀನ್ ಹೋಗ್ಬಾ.” ಅತ್ತೆ ನನ್ನನ್ನು ಕಡೆಯವರೆಗೂ ಪಾಪ ಅಂತಲೇ ಕರೆದರು, ಅವರ ತೆಲುಗಿನಲ್ಲಿ ಮಗು ಅಂತ.

“ಎದುರು ಮನೆ ಅತ್ತೆ! ಜನ ಏನಂತಾರೆ? ಯಲ್ಲಮ್ಮಂಗೆ ಎಷ್ಟು ಬೇಜಾರಾಗುತ್ತೆ? ಹಿಂಗ್ ಹೋಗಿ ಹಂಗ್ ಬಂದ್ಬಿಡೋಣ, ಏಳಿ.”

ಸೊಸೆ ಹೇಳಿದಳು ಅಂತ ಎದ್ದರು. ನಾನೇ ಕೈ ಹಿಡಿದು ರಸ್ತೆ ದಾಟಿಸಿದೆ, ನಾನೇ ಜಾಗ ಮಾಡಿಸಿ ಹೆಣದ ತಲೆಯ ಪಕ್ಕ ಯಲ್ಲಮ್ಮನ ಮಗ್ಗುಲಿಗೆ ಕೂರಿಸಿದೆ. ಸಣ್ಣ ಕೋಣೆ. ಮಂಜು ಬರುತ್ತದೆ ಅಂತ ಇದ್ದ ಒಂದು ಕಿಟಕಿಯನ್ನೂ ಮುಚ್ಚಿದ್ದರು. ಬೀದಿಯ ಮುದುಕಿಯರೆಲ್ಲ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಬಂದವರೆಲ್ಲ ಯಲ್ಲಮ್ಮನ ಕತ್ತು ತಬ್ಬಿ, ಕೆನ್ನೆಗೆ ಕೆನ್ನೆ ಒತ್ತಿ ಅಳುತ್ತಿದ್ದರು. ಯಲ್ಲಮ್ಮ ಅಳುವಿನ ನಡುವೆ ಕೆಮ್ಮುತ್ತಿದ್ದರು. ಅತ್ತೆಯೂ ತಬ್ಬಿದರು. ಬಾಯಿಗೆ ಅಕ್ಕಿ ಹಾಕುವವರೆಗೂ, ಹೆಣ ಎತ್ತುವವರೆಗೂ ಅಲ್ಲೇ ಇದ್ದರು. ಹಿಂಗ್ ಹೋಗಿ ಹಂಗ್ ಬರುವುದು ಸಾವಿನ ಮನೆಯಲ್ಲಿ ಆಗುತ್ತದಾ? ನನಗೆ ಗೊತ್ತಿರಲಿಲ್ಲವಾ?

ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವಂತಿಲ್ಲ. ನಲ್ಲಿ ನೀರು ಕೈಗೆ ಚುಚ್ಚುವಷ್ಟು ತಣ್ಣಗಿತ್ತು. ಕಾಯಿಸೋಣ ಅಂದರೆ ಒಲೆ ಒಳಗೆ, ನಾವು ಹೊರಗೆ, ನಮ್ಮ ಮನೆಯವರು ಸ್ಮಶಾನಕ್ಕೆ ಹೋಗಿದ್ದರು. ಅಂಗಳದಲ್ಲಿ ಅತ್ತೆಯನ್ನು ಕೂರಿಸಿ ನಾನೇ ಕೊಡದಿಂದ ಹೊಯ್ದೆ. ಅವರು ಗಡಗಡ ನಡುಗುತ್ತಾ, “ಸಾಕು ಪಾಪ, ಸಾಕು,” ಅಂದರು. ತಣ್ಣೀರಿನಿಂದ ರೋಗ ಬರುವುದಿಲ್ಲ ಅಂತ ನನಗೆ ಪಾಠ ಗೊತ್ತು. ಬೇರೆಯವರಿಗೂ ಹೇಳುತ್ತೇನೆ. ಆದರೂ ಆ ಸಾಕು ಪಾಪ ಅನ್ನುವುದು ಕಿವಿಯಿಂದ ಹೋಗಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಅವರೆಕಾಯಿ ಸುಗ್ಗಿ ಜೋರಾಗಿತ್ತು, ಮನೆಮನೆಯ ಜಗಲಿಯ ಮೇಲೆ ಸಿಪ್ಪೆಯ ರಾಶಿ. ಮಾವಿನ ಹೂವಿಗೆ ಮಂಜು ಹೊಡೆಯಿತು ಅಂತ ಗಂಡಸರು ಗೊಣಗುತ್ತಿದ್ದರು. ಯಲ್ಲಮ್ಮ ಮಲಗಿದವರು ಏಳಲಿಲ್ಲ. ಗಂಡ ಹೋದ ಕೊರಗು ಅಂದರು ಎಲ್ಲರೂ. ತಿಥಿಯೂ ಆಗಿರಲಿಲ್ಲ, ಅವರೂ ಹೋದರು. ಮುನಿಶಾಮಪ್ಪ ಎಷ್ಟು ಪ್ರೀತಿಯಿಂದ ಕರೆದುಕೊಂಡ ನೋಡಿ ಅಂತ ಹೆಂಗಸರು ಕಣ್ಣು ಒರೆಸಿಕೊಂಡರು. ಆವತ್ತಾದರೂ ನನ್ನ ತಲೆಗೆ ಹೊಳೆಯಬೇಕಿತ್ತು.

ನಮ್ಮತ್ತೆ ಅವರೆಕಾಳು ಹಿತುಕುವುದರಲ್ಲಿ ಎತ್ತಿದ ಕೈ. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಮಾತಾಡುತ್ತಾ, ಟಿವಿ ನೋಡುತ್ತಾ, ತೂಕಡಿಸುತ್ತಾ ಮಾಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ನೋಡಿದರೆ ಸಿಪ್ಪೆಯೆಲ್ಲ ಪಾತ್ರೆಯಲ್ಲಿತ್ತು, ಬೇಳೆಯೆಲ್ಲ ಮೊರದಲ್ಲಿತ್ತು.

“ಏನತ್ತೆ, ಇವತ್ತು ಸಿಪ್ಪೆ ಸಾರಾ?” ಅಂತ ನಗಾಡಿದೆ.

ಅವರು ಪಾತ್ರೆಯನ್ನೇ ನೋಡಿದರು. ಬೇರೆ ದಿನವಾಗಿದ್ದರೆ ನನಗೆ ತಿರುಗಿಸಿ ಕೊಡುತ್ತಿದ್ದರು. ಮೈ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ಕೆಮ್ಮೂ ಇರಲಿಲ್ಲ. ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ವಯಸ್ಸಾಯಿತು, ಮರೆವು ಶುರುವಾಯಿತು ಅಂದುಕೊಂಡು ಚಪ್ಪಲಿ ಮೆಟ್ಟಿದೆ. ಅವತ್ತು ಲಸಿಕೆ ಹಾಕುವ ದಿನ. ಒಂದು ಕೂಸಿಗೆ ಸ್ವಲ್ಪ ಶೀತವಿತ್ತು. ಅದರ ಅಂಗಿ ಎತ್ತಿ, ಎದೆ ನೋಡುತ್ತಾ, ಗಡಿಯಾರ ಹಿಡಿದು ಒಂದು ನಿಮಿಷ ಉಸಿರು ಎಣಿಸಿದೆ. ಏನೂ ಇಲ್ಲ, ಹೆದರ್ಬೇಡ ಅಂತ ಆ ತಾಯಿಗೆ ಹೇಳಿದೆ. ಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದವರ ಕಂಬಳಿ ಸರಿಸಿ ನೋಡಿರಲಿಲ್ಲ.

ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಮಲಗಿದ್ದರು. ಕಣ್ಣು ಅರ್ಧ ತೆರೆದಿತ್ತು. ಅವರು ಆಂಧ್ರದ ಗಡಿಯ ಊರಿನವರು, ಪ್ರೀತಿ ಬಂದಾಗ, ಸಂಕಟವಾದಾಗ ತೆಲುಗಿಗೆ ಹೋಗುತ್ತಿದ್ದರು. ನನ್ನ ಕೈ ಹಿಡಿದುಕೊಂಡು, “ಬಿಡ್ಡಕಿ ಡೊಕ್ಕ ಎಗರೇಸ್ತಾ ಉಂದಿ, ಸೂಡು ಪಾಪ,” ಅಂದರು. ಮಗುವಿಗೆ ಪಕ್ಕೆ ಹಾರುತ್ತಿದೆ, ನೋಡು ಅಂತ.

“ಯಾವ ಮಗು ಅತ್ತೆ?” ಅಂದೆ.

ಅವರು ತಮ್ಮ ಪಕ್ಕದಲ್ಲಿ ಹಾಸಿಗೆ ತಡವಿದರು. ಅಲ್ಲಿ ಯಾವ ಮಗುವೂ ಇರಲಿಲ್ಲ. ಆಗ ನಾನು ಕಂಬಳಿ ಸರಿಸಿದೆ. ಅವರ ಪಕ್ಕೆಯೇ ಹಾರುತ್ತಿತ್ತು. ನಾನು ಸಾವಿರಾರು ಮಕ್ಕಳ ಎದೆಯ ಮೇಲೆ ಹುಡುಕಿದ್ದ ಗುಳಿ ಆ ಸವೆದ ಎಲುಬುಗಳ ನಡುವೆ ಬೀಳುತ್ತಿತ್ತು, ಏಳುತ್ತಿತ್ತು. ಎಣಿಸುವ ಅಗತ್ಯವೇ ಇರಲಿಲ್ಲ.

ಕೋಲಾರಕ್ಕೆ ಕರೆದುಕೊಂಡು ಓಡಿದೆವು. ಎದೆಯ ಫೋಟೋ ನೋಡಿ ಡಾಕ್ಟರು ನ್ಯುಮೋನಿಯ ಅಂದರು. “ಎಷ್ಟು ದಿನದಿಂದ ಮಂಕಾಗಿದ್ರು?” ಅಂತ ಕೇಳಿದರು. ನಾನು ಯಾವ ಇಲಾಖೆ ಅಂತ ಅವರಿಗೆ ಹೇಳಲಿಲ್ಲ. ಆಕ್ಸಿಜನ್ ಹಾಕಿದರು, ಸೂಜಿಯ ಮೇಲೆ ಸೂಜಿ ಹಾಕಿದರು. ಸಂಕ್ರಾಂತಿಗೆ ಇನ್ನೂ ಎರಡು ದಿನ ಇತ್ತು, ಅತ್ತೆ ತೀರಿಕೊಂಡರು. ಹಬ್ಬ ಮುಗಿದ ಮೇಲೆ ಅತ್ತೆಗೆ ಫ್ಲೂ ಸೂಜಿ ಹಾಕಿಸೋಣ ಅಂತ ಕೋಲಾರದ ಸಭೆಯಿಂದ ಬರುವಾಗ ಬಸ್ಸಿನಲ್ಲಿ ಅಂದುಕೊಂಡಿದ್ದೆ. ನನಗೆ ಗೊತ್ತೇ ಇರಲಿಲ್ಲ ಅಂತ ಹೇಳಿಕೊಳ್ಳುವುದಕ್ಕೂ ದಾರಿ ಇಲ್ಲ.

ಊರಿನಲ್ಲಿ ಮಾತು ಶುರುವಾಗಿತ್ತು. ಶನಿವಾರದ ಹೆಣಕ್ಕೆ ಕೋಳಿ ಕಟ್ಟಲಿಲ್ಲ, ಒಬ್ಬರಲ್ಲ, ಇಬ್ಬರನ್ನು ಕರೆದುಕೊಂಡ ಅಂತ. ನಾನು ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಎದುರಿಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ಬದಲಿಗೆ ಬಂದು ಬಂದು ಸಮಾಧಾನ ಹೇಳಿದರು. ಅತ್ತೆಯ ತಿಥಿಯ ದಿನ ತಡೆಯಲಾರದೆ ನಾರಾಯಣಪ್ಪನವರ ಮುಂದೆ ನಿಂತು ಹೇಳಿಯೇಬಿಟ್ಟೆ.

“ಮಾವ, ಕೋಳಿಯಿಂದ ಅಲ್ಲ. ಕೋಲಾರದಿಂದ ಶೀತ ತಂದೋಳು ನಾನು. ಮುನಿಶಾಮಪ್ಪನೋರ ಮುಖದ ಹತ್ರ ಕೂತು ಕೆಮ್ಮಿದ್ದು ನಾನು. ನಮ್ಮತ್ತೆ ಬರಲ್ಲ ಅಂದ್ರೂ ಎಳ್ಕೊಂಡ್ಹೋಗಿ ಆ ಮುಚ್ಚಿದ ಮನೇಲಿ ಕೂರಿಸ್ದೋಳೂ ನಾನೇ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು.

“ನೆಗಡಿಗೆ ಯಾರಾದ್ರೂ ಸಾಯ್ತಾರೇನಮ್ಮ? ಸುಮ್ನಿರು. ಏನೇನೋ ಮನಸ್ಸಿಗೆ ಹಚ್ಕೋಬೇಡ.”

ನಮ್ಮ ಮನೆಯವರಿಗೂ ಹೇಳಿದೆ. ಅವರು ಬಟ್ಟೆ ಬದಲಾಯಿಸುತ್ತಿದ್ದರು, ಹೊಟ್ಟೆಯ ಮೇಲಿನ ಆ ಬರೆ ಕಾಣುತ್ತಿತ್ತು. “ಅಮ್ಮಂಗೆ ವಯಸ್ಸಾಗಿತ್ತು ಕಣೇ. ನೀನ್ ಏನ್ ಕಮ್ಮಿ ನೋಡ್ಕೊಂಡ್ಯಾ?” ಅಂದರು. ಬೈದಿದ್ದರೆ, ಒಂದು ಏಟು ಹೊಡೆದಿದ್ದರೂ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಒಬ್ಬರಾದರೂ, ಹೌದು, ನಿನ್ನಿಂದ ಆಯಿತು ಅಂದಿದ್ದರೆ ಅಲ್ಲಿಗೆ ಒಂದು ಕೊನೆ ಸಿಗುತ್ತಿತ್ತು. ನನ್ನಿಂದಲೇ ಆಯಿತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ, ಅದೂ ನನಗೆ ಗೊತ್ತು. ಯಾರ್‍ಯಾರಿಂದಲೋ ಬಂದಿರಬಹುದು. ಹಾಗೆ ಅಂದುಕೊಂಡರೆ ಆ ಹೊತ್ತಿಗೆ ಹಗುರವಾಗುತ್ತದೆ, ಸಾಯಂಕಾಲದ ಹೊತ್ತಿಗೆ ಮತ್ತೆ ಅದೇ.

ಹೋದ ಶನಿವಾರದ ವಿಷಯಕ್ಕೆ ಬರುತ್ತೇನೆ. ತೀರಿಕೊಂಡವರು ಅದೇ ನಾರಾಯಣಪ್ಪನವರು. ಈ ಸಲ ಚಳಿ ಶುರುವಾಗುವ ಮುಂಚೆಯೇ ನಾನು ಬೀದಿಯ ಮುದುಕರನ್ನೆಲ್ಲ ಫ್ಲೂ ಸೂಜಿಗೆ ಹೊರಡಿಸಿದ್ದೆ. ಅವರು ಮಾತ್ರ ಗಟ್ಟಿಯಾಗಿದ್ದೀನಿ ಹೋಗಮ್ಮ ಅಂತ ನಕ್ಕು ತಪ್ಪಿಸಿಕೊಂಡಿದ್ದರು. ಕೆಮ್ಮು ಶುರುವಾದ ಮಾರನೇ ದಿನವೇ ನಾನು ಕೋಲಾರಕ್ಕೆ ಕಳಿಸಿದ್ದೆ. ಆದರೂ ಉಳಿಯಲಿಲ್ಲ. ನಾನು ಮುಳಬಾಗಿಲಿನಲ್ಲಿ ಇಲಾಖೆಯ ಕೆಲಸದ ಮೇಲಿದ್ದಾಗ ನಮ್ಮ ಮನೆಯವರು ಫೋನು ಮಾಡಿದರು. ಹೆಣ ಊರಿಗೆ ಬಂದಿದೆ, ಮಂಜುನಾಥ ಕೋಳಿಗೀಳಿ ಏನೂ ಬೇಡ ಅಂತಿದ್ದಾನೆ, ಮುದುಕರೆಲ್ಲ ಹೆದರಿ ಗುಸುಗುಸು ಅಂತಿದ್ದಾರೆ ಅಂದರು. ನಮ್ಮ ಊರಿನಲ್ಲಿ ಕೋಳಿಗೇನು ಬರವಿಲ್ಲ. ಆದರೂ ಇದನ್ನು ನಾನೇ ತರಬೇಕು ಅನ್ನಿಸಿತು.

ಬಸ್ಸಿಳಿದು ಕೋಳಿ ಹಿಡಿದುಕೊಂಡು ನೇರವಾಗಿ ಅವರ ಮನೆಯ ಮುಂದೆ ಹೋದೆ. ಮಂಜುನಾಥ ಎದ್ದು ಬಂದ.

“ಏನಕ್ಕ ಇದು? ಅವತ್ತು ಬೇಡ ಅಂದಿದ್ದೇ ನೀವಲ್ವಾ?”

“ಹೌದು ಕಣಪ್ಪ. ನಿಮ್ಮಪ್ಪ ಕೋಳಿ ಹಿಡ್ಕೊಂಡು ನಿಂತಿದ್ದಾಗ ಎಲ್ರ ಮುಂದೆ ನಗಾಡಿ ಕಳಿಸ್ದೆ. ಇವತ್ತು ನಾನೇ ತಂದಿದೀನಿ. ಕಟ್ಟು.”

ಅವನು ನನ್ನ ಮುಖ ನೋಡಿ ಕೋಳಿ ತೆಗೆದುಕೊಂಡ. ಚಟ್ಟದ ಮೂಲೆಗೆ ದಾರ ಬಿಗಿಯುವವರೆಗೂ ಕಾದೆ. ಆಮೇಲೆ ಬೀದಿಯವರ ಕಡೆಗೆ ತಿರುಗಿದೆ.

“ನೀವು ಹೇಳಿದ್ದು ನಾನ್ ಮಾಡ್ದೆ. ಈಗ ನಾನ್ ಹೇಳೋದು ನೀವ್ ಮಾಡ್ಬೇಕು. ಹೆಣ ಒಳಗಡೆ ಬೇಡ, ಹೊಂಗೆ ಮರದ ಕೆಳಗೆ ತನ್ನಿ. ವಯಸ್ಸಾದೋರು ಯಾರೂ ಒಳಗೆ ಕೂರೋ ಹಾಗಿಲ್ಲ. ಬಿಸಿಲಲ್ಲಿ ದೂರ ದೂರ ಕುರ್ಚಿ ಹಾಕಿ. ತಬ್ಬಿಕೊಳ್ಳೋದು ಬೇಡ, ಕೈ ಮುಗೀರಿ ಸಾಕು. ಕೆಮ್ಮು ಇರೋರು ಮನೇಲೇ ಇರಿ, ಯಾರೂ ಏನೂ ಅಂದ್ಕೊಳಲ್ಲ. ಅಂದ್ಕೊಂಡ್ರೆ ನನ್ ಹತ್ರ ಕಳಿಸಿ.”

ಒಬ್ಬರೂ ಎದುರಾಡಲಿಲ್ಲ. ಇಷ್ಟು ವರ್ಷ ಎಷ್ಟು ಸಭೆ ಮಾಡಿದರೂ ಕೇಳದವರು ಹೇಳಿದ ಹಾಗೆ ಎದ್ದು ಕುರ್ಚಿ ಸರಿಸಿದರು, ಹೆಣವನ್ನು ಮರದ ಕೆಳಗೆ ತಂದರು. ಚಟ್ಟದ ಮೂಲೆಯಲ್ಲಿ ಕೋಳಿ ಇತ್ತು, ಅವರಿಗೆ ಧೈರ್ಯ ಬಂದಿತ್ತು. ಹೆಣದ ಮೇಲೆ ಹಾಕಿದ ಅಕ್ಕಿಯಲ್ಲಿ ನಾಲ್ಕು ಕಾಳು ಕೆಳಗೆ ಬಿದ್ದಿದ್ದವು. ಕೋಳಿ ಅವನ್ನು ಆರಾಮಾಗಿ ಹೆಕ್ಕುತ್ತಿತ್ತು.

ಹೆಣ ಎತ್ತಿದ ಮೇಲೆ ನಮ್ಮ ಅಂಗಳದಲ್ಲಿ ಕಲ್ಲು ಹೂಡಿ ದೊಡ್ಡ ಹಂಡೆಯಲ್ಲಿ ನೀರು ಕಾಯಲು ಇಟ್ಟೆ. ದಾರಿಯಲ್ಲಿ ಟ್ರ್ಯಾಕ್ಟರಿನಿಂದ ಬಿದ್ದಿದ್ದ ನೀಲಗಿರಿ ಕೊಂಬೆಯನ್ನು ಯಾರೋ ತಂದು ಅದರಲ್ಲಿ ಹಾಕಿದರು. ಮುದುಕಿಯರು ಒಬ್ಬೊಬ್ಬರಾಗಿ ಬಂದು ತಲೆಗೆ ಬಿಸಿನೀರು ಹಾಕಿಸಿಕೊಂಡು ಹೋದರು. ಕೊನೆಗೆ ಬಂದವರು ಗೌರಮ್ಮ, ನಮ್ಮತ್ತೆಯ ವಾರಗೆಯವರು. ಇಬ್ಬರೂ ಒಟ್ಟಿಗೆ ಈ ಊರಿಗೆ ಸೊಸೆಯರಾಗಿ ಬಂದವರು, ಒಟ್ಟಿಗೆ ಅವರೆಕಾಯಿ ಸುಲಿದವರು. ಕಲ್ಲಿನ ಮೇಲೆ ಕೂತು, ನಾನು ಹೊಯ್ಯುತ್ತಿದ್ದ ನೀರಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದರು:

“ಈಗ ಬುದ್ಧಿ ಬಂತಾ ನಿಂಗೆ? ಅವತ್ತೇ ಇಷ್ಟು ಮಾಡಿದ್ರೆ ನಮ್ ಚೌಡಮ್ಮ ಇರ್ತಿದ್ಲು. ನಿನ್ನಿಂದಾನೇ ಕಣೇ ಅವಳು ಹೋಗಿದ್ದು.”

ನನ್ನ ಕೈಯ ಚೆಂಬು ನಿಂತಿತು. ಇಷ್ಟು ದಿನ ಈ ಮಾತಿಗೆ ಕಾದಿದ್ದೆ. ಅವರು ಹೇಳಿದ್ದು ಕೋಳಿಯ ವಿಷಯ. ತಿದ್ದಬೇಕು ಅಂತ ನನಗೆ ಅನ್ನಿಸಲಿಲ್ಲ.

“ಹೌದು ದೊಡ್ಡಮ್ಮ,” ಅಂದೆ. “ನನ್ನಿಂದಾನೇ.”

ಅವರು ಆಗ ತಿರುಗಿ ನನ್ನನ್ನು ನೋಡಿದರು. ಮತ್ತೆ ತಲೆ ಬಗ್ಗಿಸಿ ಕೂತರು.

“ಹಾಕು ಪಾಪ,” ಅಂದರು. “ಇನ್ನೊಂದು ಚೆಂಬು ಹಾಕು. ನೀರು ಬೆಚ್ಚಗೈತೆ.”